ಎಂಜಿನ್ ತೈಲ ಸೋರಿಕೆ: ಸಣ್ಣ ಸೀಲಿನ ದೊಡ್ಡ ಲೆಕ್ಕ

ದುರಸ್ತಿ ವ್ಯವಹಾರದಲ್ಲಿ ಬಿಡಿಭಾಗದ ಬೆಲೆ ಒಂದಾದರೆ, ಅದನ್ನು ಅಳವಡಿಸಲು ತಗಲುವ ಕೂಲಿ ಇನ್ನೊಂದು. ಇವೆರಡನ್ನೂ ಕೂಡಿಸಿ ನೋಡದೆ ಕೇವಲ ಬಿಡಿಭಾಗದಲ್ಲಿ ಉಳಿತಾಯ ಮಾಡಹೊರಟರೆ ಕೊನೆಗೆ ನಷ್ಟವೇ ಗತಿ. ಜರ್ಮನಿಯ ಪೋರ್ಷೆ 911 ಕಾರಿನ ಹಳೆಯ ಮಾದರಿಗಳಲ್ಲಿ ಕಂಡುಬರುವ ಎಂಜಿನ್ ತೈಲ ಸೋರಿಕೆ ಇದಕ್ಕೆ ಉತ್ತಮ ನಿದರ್ಶನ.

ಸೋರಿಕೆಗೆ ಕಾರಣ

1963ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು, 1964ರಿಂದ 1998ರವರೆಗೆ ಗಾಳಿಯಿಂದ ತಂಪಾಗುವ ಆರು ಸಿಲಿಂಡರುಗಳ ಎಂಜಿನ್‌ನೊಂದಿಗೆ ತಯಾರಾಯಿತು. ನೀರಿನ ರೇಡಿಯೇಟರ್ ಇಲ್ಲದ ಕಾರಣ ಶಾಖವನ್ನು ಹೊರಹಾಕುವ ಹೊಣೆಯ ದೊಡ್ಡ ಪಾಲು ತೈಲದ ಮೇಲೆ ಬೀಳುತ್ತದೆ. ತೈಲವು ಎಂಜಿನ್ನಿನ ತಳದಲ್ಲಿ ನಿಲ್ಲದೆ ಪ್ರತ್ಯೇಕ ಟ್ಯಾಂಕಿನಲ್ಲಿದ್ದು, ಪಂಪಿನ ಮೂಲಕ ಸುತ್ತುತ್ತಿರುತ್ತದೆ. ಹೀಗಾಗಿ ಕೊಳವೆಗಳೂ ಜೋಡಣೆಗಳೂ ಹೆಚ್ಚು. ಲೋಹದ ಭಾಗಗಳು ಕಾದಾಗ ಹಿಗ್ಗಿ, ಆರಿದಾಗ ಕುಗ್ಗುತ್ತವೆ. ಅವುಗಳ ನಡುವಿನ ರಬ್ಬರ್ ಸೀಲುಗಳು ವರ್ಷಗಳು ಕಳೆದಂತೆ ಗಡುಸಾಗಿ, ಚಪ್ಪಟೆಯಾಗಿ, ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತವೆ.

ಸೋರಿದ ತೈಲ ನೆಲಕ್ಕೆ ಬಿದ್ದರೆ ಕಲೆ ಮಾತ್ರ. ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಹೊಗೆ ಏಳುತ್ತದೆ, ಬೆಂಕಿಯ ಅಪಾಯವೂ ಉಂಟು. ಹೊಗೆಕೊಳವೆಯ ಸುತ್ತ ಬಿಸಿಯಾದ ಗಾಳಿಯನ್ನೇ ಕಾರಿನ ಒಳಭಾಗ ಬೆಚ್ಚಗಿಡಲು ಬಳಸುವುದರಿಂದ, ಸುಟ್ಟ ತೈಲದ ವಾಸನೆ ಪ್ರಯಾಣಿಕರನ್ನೂ ತಲುಪುತ್ತದೆ.

ಮೊದಲು ಪತ್ತೆ, ಬಳಿಕ ದುರಸ್ತಿ

ತೈಲ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ಭಾವಿಸುವುದು ಸಾಮಾನ್ಯ ತಪ್ಪು. ಈ ಎಂಜಿನ್ನಿನಲ್ಲಿ ಫ್ಯಾನಿನ ಗಾಳಿ ಮೇಲಿನಿಂದ ಕೆಳಕ್ಕೆ ಬೀಸುತ್ತದೆ; ಮೇಲೆ ಜಿನುಗಿದ ತೈಲ ಹರಿದು ಬೇರೊಂದು ಮೂಲೆಯಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಎಂಜಿನ್ನನ್ನು ಪೂರ್ಣವಾಗಿ ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ಒದ್ದೆಯಾದ ಅತಿ ಎತ್ತರದ ಜಾಗವನ್ನು ಗುರುತಿಸಬೇಕು. ತೈಲಕ್ಕೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ದೀಪದ ಬೆಳಕಿನಲ್ಲಿ ನೋಡುವುದು ಇನ್ನೂ ಖಚಿತವಾದ ಕ್ರಮ.

ದುರಸ್ತಿಯನ್ನು ಸುಲಭವಾಗಿ ಕೈಗೆಟಕುವ ಭಾಗದಿಂದ ಆರಂಭಿಸುವುದು ಲೇಸು. ವಾಲ್ವ್ ಕವರಿನ ಗ್ಯಾಸ್ಕೆಟ್ ಬದಲಿಸುವುದು ಅಲ್ಪ ಖರ್ಚಿನ ಕೆಲಸ. ಕವರ್ ಬಾಗಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ನಿಲ್ಲದು. ನಟ್ಟುಗಳನ್ನು ಅತಿಯಾಗಿ ಬಿಗಿಗೊಳಿಸಿದರೆ ಬಾಗು ಇನ್ನಷ್ಟು ಹೆಚ್ಚುತ್ತದೆ. ಎಂಜಿನ್ನಿನ ಮೇಲ್ಭಾಗದಲ್ಲಿರುವ ಥರ್ಮೋಸ್ಟಾಟಿನ ಓ-ರಿಂಗ್, ತೈಲ ಒತ್ತಡದ ಸ್ವಿಚ್ ಮತ್ತು ಬ್ರೀದರ್ ಮುಚ್ಚಳದ ಗ್ಯಾಸ್ಕೆಟ್ ಸಹ ಪರಿಚಿತ ಸೋರುತಾಣಗಳು. ಫ್ಲೈವೀಲಿನ ಬಳಿಯ ಆಯಿಲ್ ಸೀಲನ್ನು ತಲುಪಲು ಎಂಜಿನ್ನನ್ನೇ ಕೆಳಗಿಳಿಸಿ ಗೇರ್‌ಬಾಕ್ಸನ್ನು ಬೇರ್ಪಡಿಸಬೇಕು. ಕ್ಲಚ್ ಬದಲಿಸುವಾಗಲೇ ಈ ಸೀಲನ್ನೂ ಬದಲಿಸಿದರೆ ಕೂಲಿ ಎರಡು ಬಾರಿ ತೆರಬೇಕಾಗಿಲ್ಲ. ಗ್ಯಾಸ್ಕೆಟ್ ಬದಲಿಸದೆ ಅಂಟು ಮೆತ್ತುವುದು ಸರಿಯಲ್ಲ; ಹೆಚ್ಚಾದ ಅಂಟು ಒಳಗೆ ಕಳಚಿಬಿದ್ದು ತೈಲದ ದಾರಿಯನ್ನೇ ಕಟ್ಟಬಲ್ಲದು.

ನಾಲ್ಕು ಕೊಳವೆಗಳ ಪಾಠ

ಕ್ಯಾಮ್‌ಶಾಫ್ಟ್ ಇರುವ ಭಾಗದಿಂದ ಕ್ರ್ಯಾಂಕ್‌ಕೇಸಿಗೆ ತೈಲವನ್ನು ಮರಳಿಸಲು ಪ್ರತಿ ಬದಿಗೆ ಎರಡರಂತೆ ನಾಲ್ಕು ಕೊಳವೆಗಳಿವೆ. ಪ್ರತಿ ಕೊಳವೆಯ ಎರಡು ತುದಿಗಳಿಗೂ ಒಂದೊಂದು ಓ-ರಿಂಗ್, ಒಟ್ಟು ಎಂಟು. ಮೂಲ ಕೊಳವೆ ಒಂದೇ ತುಂಡಿನದು. ಅದನ್ನು ಇಡಿಯಾಗಿ ತೆಗೆದು ಮತ್ತೆ ಕೂಡಿಸಲು ಎಂಜಿನ್ನಿನ ಮೇಲುಭಾಗವನ್ನು ಬಿಚ್ಚಬೇಕು. ಇದಕ್ಕೆ ಪರಿಹಾರವಾಗಿ ಬಂದದ್ದು ಒಂದರೊಳಗೊಂದು ಜಾರುವ ಎರಡು ತುಂಡುಗಳ ಕೊಳವೆ. ಹಳೆಯದನ್ನು ಕತ್ತರಿಸಿ ತೆಗೆದು, ಹೊಸದನ್ನು ಕುಗ್ಗಿಸಿ ಒಳಗಿಟ್ಟು, ಅದರ ಸ್ಥಾನದಲ್ಲಿ ಹಿಗ್ಗಿಸಿದರೆ ಸಾಕು. ಎಂಜಿನ್ ಬಿಚ್ಚುವ ಪ್ರಮೇಯವಿಲ್ಲ.

ಓ-ರಿಂಗಿನ ವಸ್ತುವೂ ಅಷ್ಟೇ ಮುಖ್ಯ. ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದೀರ್ಘಕಾಲ ತಾಳಬಲ್ಲದು. ವೈಟಾನ್ ಎಂಬ ಹೆಸರಿನಿಂದ ಪರಿಚಿತವಾದ ಫ್ಲೋರೋರಬ್ಬರ್ ಸುಮಾರು 200 ಡಿಗ್ರಿಯವರೆಗೆ ತಾಳುತ್ತದೆ. ಅದರ ಬೆಲೆ ಹೆಚ್ಚು. ಕಡು ಚಳಿಯಲ್ಲಿ ಅದು ಗಡುಸಾಗುವುದೂ ನಿಜ. ಆದರೆ ಕಾದ ತೈಲ ಸದಾ ಹರಿಯುವ ಜಾಗಕ್ಕೆ ಅದೇ ಸೂಕ್ತ.

ಉದ್ದಿಮೆದಾರರು ಗಮನಿಸಬೇಕಾದುದು

ಎರಡು ಬಗೆಯ ಓ-ರಿಂಗ್‌ಗಳು ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಅವು ಎಂಜಿನ್ನಿನೊಳಗೆ ಕಾದು ಬೆಂದ ಮೇಲೆ. ಅಷ್ಟರಲ್ಲಿ ಗ್ರಾಹಕನು ಗ್ಯಾರೇಜಿಗೆ ಕೂಲಿ ತೆತ್ತಾಗಿರುತ್ತದೆ; ಸೀಲು ಸೋತರೆ ಅದೇ ಕೂಲಿಯನ್ನು ಮತ್ತೆ ತೆರಬೇಕು. ಆದುದರಿಂದ ತಯಾರಕರು ರಬ್ಬರಿನ ಬಗೆ, ಅಳತೆ ಹಾಗೂ ತಾಳುವ ಶಾಖವನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ನಮೂದಿಸುವುದು, ವರ್ತಕರು ಬಗೆಗಳನ್ನು ಬೆರೆಸದೆ ಬೇರೆ ಬೇರೆಯಾಗಿ ದಾಸ್ತಾನು ಮಾಡುವುದು ಅವಶ್ಯ. ಎರಡು ತುಂಡುಗಳ ಆ ಕೊಳವೆ ಗ್ರಾಹಕನ ಕೂಲಿ ಉಳಿಸಿಯೇ ತನ್ನ ಮಾರುಕಟ್ಟೆಯನ್ನು ಗಳಿಸಿಕೊಂಡಿತು. ಬಿಡಿಭಾಗ ಎಷ್ಟೇ ಚಿಕ್ಕದಿರಲಿ, ಅದನ್ನು ತಲುಪಲು ತಗಲುವ ಶ್ರಮವನ್ನು ಅರಿತು ತಯಾರಿಸಿದವನ ಸರಕಿಗೆ ಬೇಡಿಕೆ ಉಳಿಯುತ್ತದೆ.