ಕ್ಷಯರೋಗಿಗಳೂ ಎಚ್‌ಐವಿ ಪರೀಕ್ಷೆಯೂ

ಕ್ಷಯರೋಗದ ಚಿಕಿತ್ಸೆಗಾಗಿ ಸರಕಾರಿ ಆಸ್ಪತ್ರೆಯ ಮೆಟ್ಟಲೇರಿದ ಪ್ರತಿಯೊಬ್ಬ ರೋಗಿಗೂ ಎಚ್‌ಐವಿ ಸೋಂಕಿನ ಪರೀಕ್ಷೆಯನ್ನು ಮಾಡಿಸಿಕೊಳ್ಳುವಂತೆ ಸಲಹೆ ಕೊಡುವುದು ಇಂದು ನಮ್ಮ ದೇಶದ ಆರೋಗ್ಯ ಇಲಾಖೆಯ ನಿಯಮವಾಗಿದೆ. ಈ ಮಾತು ಕಿವಿಗೆ ಬಿದ್ದೊಡನೆ ಎಷ್ಟೋ ರೋಗಿಗಳ ಮುಖ ಬಾಡುವುದುಂಟು. ಜೊತೆಗೆ ಬಂದ ನಂಟರ ಹುಬ್ಬು ಗಂಟಿಕ್ಕುವುದುಂಟು. ಕೆಮ್ಮಿಗೆ ಮದ್ದು ಬೇಡಲು ಬಂದವನ ನಡತೆಯನ್ನು ಶೋಧಿಸುವ ಅಧಿಕಾರವನ್ನು ಇವರಿಗೆ ಕೊಟ್ಟವರಾರು ಎಂಬ ಪ್ರಶ್ನೆ ಸುಶಿಕ್ಷಿತರ ಬಾಯಿಂದಲೂ ಹೊರಡುತ್ತದೆ. ಪ್ರಶ್ನೆ ಅಸಂಬದ್ಧವಾದುದಲ್ಲ. ಮಾನವಂತನಿಗೆ ಪ್ರಾಣದಷ್ಟೇ ಮಾನವೂ ಪ್ರಿಯವಾದುದು. ಆದುದರಿಂದ ಈ ಪರೀಕ್ಷೆಯ ಅವಶ್ಯಕತೆಯೇನು, ಇದರಿಂದ ರೋಗಿಗೆ ಆಗುವ ಲಾಭವೇನು, ಅವನ ಮಾನಕ್ಕೆ ಒದಗುವ ರಕ್ಷಣೆಯೇನು ಎಂಬುದನ್ನು ಬಿಡಿಸಿ ಹೇಳುವುದು ಉಚಿತವಾಗಿದೆ.

ಕ್ಷಯವು ನಮಗೆ ಹೊಸ ರೋಗವಲ್ಲ. ನಮ್ಮ ಹಿರಿಯರು ಇದನ್ನು ರಾಜಯಕ್ಷ್ಮವೆಂದು ಕರೆದರು. ದಕ್ಷನ ಶಾಪದಿಂದ ಚಂದ್ರನೂ ಇದಕ್ಕೆ ಈಡಾದನೆಂದು ಪುರಾಣವು ಹೇಳುತ್ತದೆ. ಇದು ಗುಡಿಸಲಿನ ರೋಗ ಮಾತ್ರವೆಂದು ತಿಳಿದವರು ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಸ್ಥಾಪಿತವಾದ ಕ್ಷಯರೋಗದ ಆಸ್ಪತ್ರೆಯನ್ನು ನೆನೆದರೆ ಸಾಕು. ಅರಮನೆಯ ಬಾಗಿಲೂ ಈ ರೋಗವನ್ನು ತಡೆಯಲಾರದೆ ಹೋಯಿತು. ಈ ರೋಗದ ಸ್ವಭಾವವು ವಿಚಿತ್ರವಾದುದು. ಇದರ ಕ್ರಿಮಿಯು ಗಾಳಿಯ ಮೂಲಕ ದೇಹವನ್ನು ಹೊಕ್ಕರೂ ಬಹುಮಂದಿಯಲ್ಲಿ ಜೀವಮಾನವೆಲ್ಲ ಸುಪ್ತವಾಗಿ ಬಿದ್ದಿರುತ್ತದೆ. ದೇಹದ ರಕ್ಷಕ ಶಕ್ತಿಯು ಅದನ್ನು ಕಾವಲಿಟ್ಟು ಕೂಡಿಹಾಕಿರುತ್ತದೆ. ಎಚ್‌ಐವಿಯು ನಾಶಮಾಡುವುದು ಈ ಕಾವಲುಗಾರರನ್ನೇ. ಕಾವಲು ಸಡಿಲಿದ ಮನೆಯಲ್ಲಿ ಸೆರೆಯಲ್ಲಿದ್ದ ಕಳ್ಳನು ಏಳುವಂತೆ ಕ್ಷಯವು ತಲೆಯೆತ್ತುತ್ತದೆ. ಎಚ್‌ಐವಿ ಸೋಂಕುಳ್ಳವರಿಗೆ ಕ್ಷಯವು ಬರುವ ಸಂಭವವು ಇತರರಿಗಿಂತ ಹತ್ತಾರು ಪಾಲು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. 2023ನೆಯ ಇಸವಿಯಲ್ಲಿ ಪ್ರಪಂಚದಲ್ಲಿ ಸುಮಾರು 12 ಲಕ್ಷ 50 ಸಾವಿರ ಜನರು ಕ್ಷಯದಿಂದ ಮಡಿದರೆಂದು ಆ ಸಂಸ್ಥೆಯ ಅಂದಾಜು. ಅವರಲ್ಲಿ 1 ಲಕ್ಷ 61 ಸಾವಿರ ಜನರು ಎಚ್‌ಐವಿ ಸೋಂಕುಳ್ಳವರು. ಕ್ಷಯರೋಗಿಗಳ ಸಂಖ್ಯೆಯಲ್ಲಿ ನಮ್ಮ ದೇಶದ ಪಾಲು ಜಗತ್ತಿನ ಕಾಲುಭಾಗಕ್ಕೂ ಮಿಗಿಲಾಗಿದೆ.

ಹೀಗಿರುವಲ್ಲಿ ಕ್ಷಯಕ್ಕೆ ಮಾತ್ರ ಮದ್ದು ಕೊಟ್ಟು ರೋಗಿಯನ್ನು ಕಳುಹಿಸಿದರೆ ಆಗುವುದೇನು? ಸೂರು ಸೋರುತ್ತಿರುವಾಗ ನೆಲವನ್ನು ಒರಸಿದಂತಾಗುತ್ತದೆ. ಎಚ್‌ಐವಿಯೂ ಇರುವ ಕ್ಷಯರೋಗಿಯು ಆರು ತಿಂಗಳ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರೂ ಚಿಕಿತ್ಸೆಯ ನಡುವೆಯೇ ಸಾಯಬಹುದು. ಆಗ ಮನೆಯವರು ಔಷಧವನ್ನು ದೂರುತ್ತಾರೆ. ವೈದ್ಯನು ರೋಗಿಯ ಅಲಕ್ಷ್ಯವನ್ನು ದೂರುತ್ತಾನೆ. ನಿಜವಾದ ಕಾರಣವು ಯಾರಿಗೂ ತಿಳಿಯದೆ ಚಿತೆಯಲ್ಲಿ ಬೂದಿಯಾಗುತ್ತದೆ.

ತಿಳಿದಿದ್ದರೆ ಅವನನ್ನು ಉಳಿಸಬಹುದಾಗಿತ್ತೆ? ಉಳಿಸಬಹುದಾಗಿತ್ತೆಂಬುದಕ್ಕೆ ಮೂರು ದೇಶಗಳ ಅನುಭವವು ಸಾಕ್ಷಿಯಾಗಿದೆ. ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನ ಅಬಿಜಾನ್ ನಗರದಲ್ಲಿ ಎಚ್‌ಐವಿ ಸೋಂಕುಳ್ಳ ಕ್ಷಯರೋಗಿಗಳಿಗೆ ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಮಾತ್ರೆಯನ್ನು ದಿನವೂ ಕೊಟ್ಟು ನೋಡಿದರು. ಅದನ್ನು ಪಡೆದವರಲ್ಲಿ ಸಾವು ಶೇಕಡಾ 46ರಷ್ಟು ಕಡಿಮೆಯಾಯಿತೆಂದು 1999ರಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ 642 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶವು 2010ರಲ್ಲಿ ಹೊರಬಂದಿತು. ಕ್ಷಯದ ಚಿಕಿತ್ಸೆ ಮುಗಿಯುವವರೆಗೆ ಕಾಯದೆ ನಡುವೆಯೇ ಎಚ್‌ಐವಿಯ ಔಷಧವನ್ನು ಆರಂಭಿಸಿದವರಲ್ಲಿ ಸಾವು ಶೇಕಡಾ 56ರಷ್ಟು ತಗ್ಗಿತ್ತು. ಕಾಂಬೋಡಿಯದಲ್ಲಿ ದೇಹಶಕ್ತಿಯು ತೀರ ಕುಗ್ಗಿದ್ದ 661 ರೋಗಿಗಳಲ್ಲಿ ಕೆಲವರಿಗೆ ಎರಡು ವಾರಗಳಲ್ಲಿಯೂ ಉಳಿದವರಿಗೆ ಎಂಟು ವಾರಗಳಲ್ಲಿಯೂ ಈ ಔಷಧವನ್ನು ಆರಂಭಿಸಿದರು. ಮೊದಲು ಆರಂಭಿಸಿದವರಲ್ಲಿ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತೆಂದು 2011ರಲ್ಲಿ ತಿಳಿದುಬಂದಿತು. ಇಲ್ಲಿ ವಾರಗಳ ಅಂತರವೇ ಬದುಕು ಸಾವುಗಳ ಅಂತರವಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಪರೀಕ್ಷೆಯಿಂದ ಮತ್ತೊಂದು ಪ್ರಯೋಜನವುಂಟು. ಎಚ್‌ಐವಿ ಇರುವವನ ಕಫದಲ್ಲಿ ಕ್ಷಯದ ಕ್ರಿಮಿಯು ಸೂಕ್ಷ್ಮದರ್ಶಕಕ್ಕೆ ಎಷ್ಟೋ ಸಲ ಕಾಣಿಸುವುದಿಲ್ಲ. ಆದುದರಿಂದ ಅಂಥವನನ್ನು ಬೇರೆ ಯಂತ್ರಗಳಿಂದ ಪರೀಕ್ಷಿಸಬೇಕಾಗುತ್ತದೆ. ಕ್ಷಯಕ್ಕೆ ಮುಖ್ಯ ಔಷಧವಾದ ರಿಫಾಂಪಿಸಿನ್ ಎಚ್‌ಐವಿಯ ಕೆಲವು ಔಷಧಗಳ ಬಲವನ್ನು ಕುಂದಿಸುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಡೊಲುಟೆಗ್ರಾವಿರ್ ಮಾತ್ರೆಯನ್ನು ಅಂಥ ರೋಗಿಗೆ ದಿನಕ್ಕೆ ಒಂದು ಸಲಕ್ಕೆ ಬದಲಾಗಿ ಎರಡು ಸಲ ಕೊಡಬೇಕಾಗುತ್ತದೆ. ಕ್ಷಯವು ಮಿದುಳಿನ ಪೊರೆಗೆ ತಗುಲಿದ್ದರೆ ಎಚ್‌ಐವಿಯ ಔಷಧವನ್ನು ಕೆಲವು ವಾರ ತಡೆಯುವುದೇ ಕ್ಷೇಮ. ಎರಡು ರೋಗಗಳನ್ನೂ ಅರಿಯದ ವೈದ್ಯನು ಕತ್ತಲೆಯಲ್ಲಿ ಬಾಣ ಬಿಟ್ಟಂತೆಯೇ ಸರಿ.

ಇನ್ನು ನಮ್ಮ ದೇಶದಲ್ಲಿ ಈ ಕ್ರಮವು ಹೇಗೆ ಬಂದಿತೆಂಬುದನ್ನು ನೋಡೋಣ. ಭಾರತದಲ್ಲಿ ಎಚ್‌ಐವಿಯು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಸ್ಥಾಪಿತವಾಯಿತು. ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮವು 1997ರಲ್ಲಿ ಆರಂಭವಾಯಿತು. ಎರಡು ರೋಗಗಳು ಒಂದೇ ದೇಹದಲ್ಲಿ ಕೈಕೂಡಿಸಿದ್ದರೂ ಎರಡು ಇಲಾಖೆಗಳು ಬೇರೆಬೇರೆ ಬಾಗಿಲುಗಳ ಹಿಂದೆ ಕುಳಿತಿದ್ದವು. 2001ರಲ್ಲಿ, ಎಚ್‌ಐವಿ ಹೆಚ್ಚಾಗಿದ್ದ ಆರು ಪ್ರಾಂತಗಳಲ್ಲಿ ಇವು ಕೂಡಿ ಕೆಲಸಮಾಡತಕ್ಕದ್ದೆಂದು ನಿರ್ಧಾರವಾಯಿತು. ಆ ಆರರಲ್ಲಿ ಕರ್ನಾಟಕವೂ ಒಂದು. ಆದರೂ ಆ ಮೊದಲ ವರ್ಷಗಳಲ್ಲಿ ಎಲ್ಲ ಕ್ಷಯರೋಗಿಗಳನ್ನೂ ಪರೀಕ್ಷೆಗೆ ಕಳುಹಿಸುತ್ತಿರಲಿಲ್ಲ. ಯಾರ ಮೇಲೆ ಸಂಶಯವೋ ಅವರನ್ನು ಆರಿಸಿ ಕಳುಹಿಸುವುದು ರೂಢಿಯಾಗಿತ್ತು. 2004ರ ಏಪ್ರಿಲ್ 1ರಿಂದ ಎಚ್‌ಐವಿಯ ಔಷಧವು ಸರಕಾರದಿಂದ ಪುಕ್ಕಟೆಯಾಗಿ ದೊರೆಯತೊಡಗಿದ ಮೇಲೆ, ಔಷಧವಿದ್ದೂ ರೋಗಿಯನ್ನು ಕೇಳದಿರುವುದು ಅನ್ಯಾಯವೆಂಬ ತಿಳಿವಳಿಕೆ ಬಲಿಯಿತು. ಆಫ್ರಿಕದ ಬಡ ದೇಶಗಳಾದ ಮಲಾವಿ, ಕೀನ್ಯ, ರುವಾಂಡಗಳು ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದವು. ಕರ್ನಾಟಕದ ಒಂದು ಜಿಲ್ಲೆಯಲ್ಲಿಯೂ ತಮಿಳುನಾಡಿನ ಒಂದು ಜಿಲ್ಲೆಯಲ್ಲಿಯೂ ಎಲ್ಲ ಕ್ಷಯರೋಗಿಗಳಿಗೂ ಪರೀಕ್ಷೆಯ ಸಲಹೆ ಕೊಟ್ಟು ನೋಡಿದಾಗ ಬಹುಮಂದಿ ನಿರಾಕರಿಸದೆ ಒಪ್ಪಿದರು. 2008ರಿಂದ ಕೆಲವು ಪ್ರಾಂತಗಳಲ್ಲಿ ಪ್ರಾರಂಭವಾದ ಈ ಕ್ರಮವು 2012ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಇಂದು ದಾಖಲೆಗೆ ಬರುವ ಕ್ಷಯರೋಗಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿಯ ಎಚ್‌ಐವಿ ಸ್ಥಿತಿಯು ತಿಳಿದಿರುತ್ತದೆ.

ಅವರಲ್ಲಿ ಸೋಂಕು ಕಂಡುಬರುವುದು ನೂರಕ್ಕೆ ಇಬ್ಬರಿಗೋ ಮೂವರಿಗೋ ಮಾತ್ರ. ಇಷ್ಟಕ್ಕಾಗಿ ನೂರು ಜನರನ್ನೂ ಏಕೆ ತೊಂದರೆಪಡಿಸಬೇಕೆಂದು ಲೆಕ್ಕ ಬಲ್ಲವರು ಕೇಳಬಹುದು. ಲೆಕ್ಕವನ್ನೇ ಮಾಡಿ ನೋಡೋಣ. ದೇಶದ ವಯಸ್ಕರಲ್ಲಿ ಒಟ್ಟಾರೆ ಎಚ್‌ಐವಿ ಇರುವುದು ಸಾವಿರಕ್ಕೆ ಸುಮಾರು ಇಬ್ಬರಲ್ಲಿ. ಕ್ಷಯರೋಗಿಗಳಲ್ಲಿ ಅದರ ಹತ್ತುಪಾಲು. 2023ರಲ್ಲಿ ನಮ್ಮ ದೇಶದಲ್ಲಿ ದಾಖಲಾದ ಕ್ಷಯರೋಗಿಗಳ ಸಂಖ್ಯೆ ಸುಮಾರು 25 ಲಕ್ಷ. ನೂರಕ್ಕೆ ಇಬ್ಬರೆಂದರೂ ವರ್ಷಕ್ಕೆ ಹತ್ತಾರು ಸಾವಿರ ಜೀವಗಳಾದವು. ಕೇಳದೆ ಬಿಟ್ಟರೆ ಇವರನ್ನು ಗುರುತಿಸುವ ಬೇರೆ ದಾರಿಯಿಲ್ಲ. ಸೋಂಕು ಮುಖದ ಮೇಲೆ ಬರೆದಿರುವುದಿಲ್ಲ.

ಮಾನದ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಸಂಶಯ ಬಂದವರನ್ನು ಆರಿಸಿ ಪರೀಕ್ಷೆಗೆ ಕಳುಹಿಸುವ ಪದ್ಧತಿಯೇ ನಿಜವಾಗಿ ಅಪಮಾನಕರವಾದುದು. ಆ ಪದ್ಧತಿಯಲ್ಲಿ ಲಾರಿಯ ಚಾಲಕನನ್ನು ಕಳುಹಿಸಿ ಗುಮಾಸ್ತನನ್ನು ಬಿಡುವರು. ಒಂಟಿ ಹೆಂಗಸನ್ನು ಕಳುಹಿಸಿ ಗೃಹಿಣಿಯನ್ನು ಬಿಡುವರು. ಗಂಡನಿಂದ ಸೋಂಕನ್ನು ಪಡೆದ ಗೃಹಿಣಿಯು ಆ ಮರ್ಯಾದೆಯ ಮರೆಯಲ್ಲಿಯೇ ಸಾಯುವಳು. ಎಲ್ಲರನ್ನೂ ಕೇಳಿದಾಗ ಮಾತ್ರ ಕೇಳುವುದರಲ್ಲಿ ಆಪಾದನೆಯಿರುವುದಿಲ್ಲ. ಬಂದವರೆಲ್ಲರ ತೂಕವನ್ನು ನೋಡುವಂತೆ, ಕಫವನ್ನು ನೋಡುವಂತೆ ಇದೂ ಒಂದು ಪರೀಕ್ಷೆ. ಪಂಕ್ತಿಯಲ್ಲಿ ಭೇದವಿಲ್ಲದಿದ್ದರೆ ಯಾರಿಗೂ ಅವಮಾನವಿಲ್ಲ.

ಆದರೆ ಎಲ್ಲರನ್ನೂ ಕೇಳುವುದು ಬೇರೆ, ಎಲ್ಲರನ್ನೂ ಬಲಾತ್ಕರಿಸುವುದು ಬೇರೆ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯದೆಯ ಪ್ರಕಾರ ರೋಗಿಯು ತಿಳಿದು ಒಪ್ಪಿದಲ್ಲದೆ ಪರೀಕ್ಷೆ ಕೂಡದು; ಫಲಿತಾಂಶವನ್ನು ಗುಟ್ಟಾಗಿಡತಕ್ಕದ್ದು; ಸೋಂಕಿನ ಕಾರಣದಿಂದ ಉದ್ಯೋಗ, ಚಿಕಿತ್ಸೆ, ಶಿಕ್ಷಣ, ವಸತಿಗಳಲ್ಲಿ ಭೇದವನ್ನೆಣಿಸಕೂಡದು. ಬೇಡವೆಂದವನಿಗೂ ಕ್ಷಯದ ಔಷಧವನ್ನು ಮೊದಲಿನಂತೆಯೇ ಕೊಡಬೇಕು. ಕಾಯದೆಯ ಈ ಮಾತುಗಳು ಕಡತದಲ್ಲಿ ಉಳಿದರೆ ಪ್ರಯೋಜನವಿಲ್ಲ. ಕೇಸುಕಾಗದದ ಮೇಲೆ ಎಲ್ಲರಿಗೂ ಕಾಣುವಂತೆ ಗುರುತು ಹಾಕುವ ಒಬ್ಬ ದಾದಿ, ನೆರೆದ ಜನರ ಎದುರಿಗೆ ಗಟ್ಟಿಯಾಗಿ ಹೆಸರು ಕೂಗುವ ಒಬ್ಬ ಜವಾನ, ಇವರಿಂದ ಇಡೀ ತಾಲ್ಲೂಕಿನ ವಿಶ್ವಾಸವು ಮುರಿಯುತ್ತದೆ. ಆಮೇಲೆ ಎಷ್ಟು ಭಿತ್ತಿಪತ್ರಗಳನ್ನು ಅಂಟಿಸಿದರೂ ಜನರು ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯುವುದು ಯುಕ್ತವಾಗಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತಷ್ಟೆ. ಅದರ ಡಾಕ್ಟರ್ ದೇಬಬ್ರತ ಬ್ಯಾನರ್ಜಿಯವರೂ ಸ್ಟಿಗ್ ಆಂಡರ್ಸನ್ನರೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಣೆ ನಡೆಸಿ 1963ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಹಳ್ಳಿಗನು ಅಜ್ಞಾನಿ, ರೋಗ ಬಂದರೂ ಆಸ್ಪತ್ರೆಗೆ ಬಾರನು ಎಂಬುದು ಆಗಿನ ನಂಬಿಕೆಯಾಗಿತ್ತು. ಕಂಡುಬಂದುದು ಬೇರೆ. ಕ್ಷಯರೋಗಿಗಳಲ್ಲಿ ಹೆಚ್ಚುಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಅದಕ್ಕಾಗಿ ಚಿಕಿತ್ಸೆಯನ್ನು ಹುಡುಕಿಕೊಂಡು ಹೋಗಿಯೂ ಇದ್ದರು. ಬಾಗಿಲಿಗೆ ಬಂದವರನ್ನು ರೋಗ ಪತ್ತೆಮಾಡದೆ ಕಳುಹಿಸಿದ ಲೋಪವು ಬಾಗಿಲಿನ ಒಳಗಿದ್ದವರದು. ಅಂದು ಕ್ಷಯದ ವಿಷಯದಲ್ಲಿ ಆದುದು ಎಚ್‌ಐವಿಯ ವಿಷಯದಲ್ಲಿ ಮರಳಿ ಆಗಬಾರದು. ಕ್ಷಯರೋಗಿಯು ತಾನಾಗಿ ನಡೆದು ಬಂದಿದ್ದಾನೆ. ಅವನನ್ನು ಹುಡುಕುವ ಶ್ರಮವೂ ನಮಗಿಲ್ಲ. ಕೇಳುವ ಹೊಣೆ ಮಾತ್ರ ನಮ್ಮದು.

ಈ ಹೊಣೆಯಲ್ಲಿ ಮೂರು ಕೊರತೆಗಳು ಉಳಿದಿವೆ. ಮೊದಲನೆಯದು, ಖಾಸಗಿ ವೈದ್ಯರದು. ಮರ್ಯಾದಸ್ಥ ಮನೆಯ ರೋಗಿಯು ಬೇಸರಪಟ್ಟಾನೆಂಬ ದಾಕ್ಷಿಣ್ಯದಿಂದ ಪರೀಕ್ಷೆಯ ಮಾತೆತ್ತದ ವೈದ್ಯರು ನಮ್ಮ ಪಟ್ಟಣಗಳಲ್ಲಿ ವಿರಳರಲ್ಲ. ಸಂಕೋಚದಿಂದ ರೋಗಿಯ ಮನಸ್ಸನ್ನು ಉಳಿಸಿ ಜೀವವನ್ನು ಕಳೆಯುವುದು ವೈದ್ಯಧರ್ಮವಲ್ಲ. ಎರಡನೆಯದು, ಪರೀಕ್ಷೆಗೂ ಔಷಧಕ್ಕೂ ನಡುವಿನ ಅಂತರ. ಕ್ಷಯದ ಮಾತ್ರೆ ಊರಿನ ಕೇಂದ್ರದಲ್ಲಿ, ಎಚ್‌ಐವಿಯ ಮಾತ್ರೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಎಂದಾದರೆ ಕೂಲಿಯವನು ಎರಡು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಎಲ್ಲಿಂದ ತರಬೇಕು? ಫಲಿತಾಂಶವನ್ನು ಹೇಳಿ ಔಷಧವನ್ನು ಕೈಗೆ ಮುಟ್ಟಿಸದಿದ್ದರೆ ಅದು ಶಿಕ್ಷೆಯನ್ನು ಓದಿ ಹೇಳಿದಂತಾಗುತ್ತದೆಯೇ ಹೊರತು ಚಿಕಿತ್ಸೆಯಾಗುವುದಿಲ್ಲ. ಪರೀಕ್ಷೆಗಳ ಸಂಖ್ಯೆಯನ್ನು ವರದಿಯಲ್ಲಿ ತುಂಬಿ ತೃಪ್ತರಾಗುವ ಅಧಿಕಾರಿಗಳು, ಅವರಲ್ಲಿ ಎಷ್ಟು ಮಂದಿಗೆ ಎಷ್ಟು ದಿನಗಳಲ್ಲಿ ಔಷಧವು ದೊರೆಯಿತೆಂಬ ಲೆಕ್ಕವನ್ನೂ ಕೇಳಬೇಕು.

ಮೂರನೆಯ ಕೊರತೆಯು ನಮ್ಮೆಲ್ಲರದು. ಸೋಂಕುಳ್ಳವನಿಗೆ ಬಾಡಿಗೆಯ ಮನೆಯನ್ನು ಕೊಡದವರು, ಅವನ ಮಗುವನ್ನು ಶಾಲೆಯಲ್ಲಿ ದೂರ ಕೂರಿಸುವವರು, ಅವನ ವಿಧವೆಯನ್ನು ಮನೆಯಿಂದ ಹೊರಡಿಸುವವರು ನಮ್ಮ ನಡುವಿನವರೇ. ಒಟ್ಟಿಗೆ ಉಂಡರೆ, ಒಂದೇ ಬೆಂಚಿನ ಮೇಲೆ ಕುಳಿತರೆ ಎಚ್‌ಐವಿ ಹರಡುವುದಿಲ್ಲ. ಔಷಧವನ್ನು ಕ್ರಮವಾಗಿ ಸೇವಿಸಿ ರಕ್ತದಲ್ಲಿ ವೈರಾಣುವನ್ನು ಅಡಗಿಸಿದವನಿಂದ ಅವನ ಸಂಗಾತಿಗೂ ಸೋಂಕು ತಗುಲುವುದಿಲ್ಲ. ಇಷ್ಟನ್ನು ತಿಳಿದೂ ಹಳೆಯ ಭಯವನ್ನೇ ಕಾಪಾಡಿಕೊಂಡು ಬಂದರೆ, ಪರೀಕ್ಷೆಗೆ ಅಂಜುವ ಬಡವನನ್ನು ಹಳಿಯುವ ಅಧಿಕಾರವು ನಮಗೆಲ್ಲಿಯದು? ಅವನು ಅಂಜುವುದು ಸೂಜಿಗಲ್ಲ, ನೆರೆಹೊರೆಗೆ.

ಸಾಲ, ಬೆಂಕಿ, ರೋಗ ಇವುಗಳಲ್ಲಿ ಶೇಷವನ್ನುಳಿಸಬಾರದೆಂದು ಹಿರಿಯರು ಹೇಳಿದ್ದಾರೆ. ಕ್ಷಯವನ್ನು ನೀಗಿ ಎಚ್‌ಐವಿಯನ್ನು ಉಳಿಸಿದ ಚಿಕಿತ್ಸೆಯು ಶೇಷವನ್ನುಳಿಸಿದ ಚಿಕಿತ್ಸೆಯೇ ಸರಿ. ಬಾಗಿಲಿಗೆ ಬಂದ ಪ್ರತಿಯೊಬ್ಬ ಕ್ಷಯರೋಗಿಯನ್ನೂ ಮರ್ಯಾದೆಯಿಂದ ಕೇಳಬೇಕು, ಒಪ್ಪಿದವನನ್ನು ಗುಟ್ಟಾಗಿ ಪರೀಕ್ಷಿಸಬೇಕು, ಸೋಂಕಿರುವವನಿಗೆ ತಡಮಾಡದೆ ಔಷಧ ಕೊಡಬೇಕು. ಇದಕ್ಕೆ ಹೊಸ ಶೋಧನೆಯೇನೂ ಬೇಕಾಗಿಲ್ಲ. ಔಷಧವಿದೆ, ಕಾಯದೆಯಿದೆ, ಆಸ್ಪತ್ರೆಯಿದೆ. ವೈದ್ಯರೂ ಅಧಿಕಾರಿಗಳೂ ಊರಿನ ಹಿರಿಯರೂ ತಮ್ಮ ತಮ್ಮ ಪಾಲಿನ ಸಂಕೋಚವನ್ನು ಬಿಟ್ಟರೆ ಸಾಕಾಗಿದೆ.