ತಲೆಯೆಣಿಕೆಗೆ ಸಿಗದ ಲೆಕ್ಕ

ಯಾವುದೇ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮೊದಲು ಕೇಳಿಬರುವುದು ಸದಸ್ಯರ ಸಂಖ್ಯೆ. ಕ್ರೈಸ್ತ ಸಭೆಗಳೂ ಇದಕ್ಕೆ ಹೊರತಲ್ಲ. ಎಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು, ಕಾಣಿಕೆ ಎಷ್ಟು ಬಂತು ಎಂಬುದರ ಮೇಲೆಯೇ ಸಭೆ ಬೆಳೆಯಿತೋ ಸೊರಗಿತೋ ಎಂದು ತೀರ್ಮಾನಿಸುವ ರೂಢಿ ಬಹುಕಾಲದ್ದು.

ಇದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು 1897ರಲ್ಲಿ ನಮ್ಮ ದೇಶದ ದಮೋಹ್‌ನಲ್ಲಿಯೇ ಹುಟ್ಟಿದ ಅಮೆರಿಕನ್ ಮಿಶನರಿ ಡೊನಾಲ್ಡ್ ಮೆಕ್‌ಗಾವ್ರನ್. ಶಾಲೆ, ಆಸ್ಪತ್ರೆಗಳನ್ನು ನಡೆಸಿಯೂ ಸಭೆ ಏಕೆ ಬೆಳೆಯಲಿಲ್ಲ ಎಂದು ಅವರು ಕೇಳಿದರು. ಜನರು ಒಬ್ಬೊಬ್ಬರಾಗಿ ಅಲ್ಲ, ತಮ್ಮ ಕುಲಬಂಧುಗಳ ಜೊತೆಗೇ ಬರುತ್ತಾರೆಂದು 1955ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಪ್ರಶ್ನೆಯೇನೋ ನ್ಯಾಯವಾದದ್ದೇ. ಲೆಕ್ಕ ಬೇಡವೆನ್ನುವವರು ಹೆಚ್ಚಾಗಿ ಲೆಕ್ಕ ಕೊಡಲು ಅಂಜುವವರೇ ಎಂಬುದು ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆಲ್ಲ ಗೊತ್ತು. ಆದರೆ ಮದ್ರಾಸಿನಲ್ಲಿ ಬಿಷಪರಾಗಿದ್ದ ಲೆಸ್ಲಿ ನ್ಯೂಬಿಗಿನ್ 1978ರಲ್ಲಿ ಈ ವಾದವನ್ನು ಒರೆಗೆ ಹಚ್ಚಿ, ಸಂಖ್ಯೆಗೇ ಇಷ್ಟು ಮಹತ್ವ ಕೊಡುವುದನ್ನು ಪ್ರಶ್ನಿಸಿದರು.

ಇದಕ್ಕೆ ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನನ್ನೇ ನೋಡಿ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣನ ದೀಕ್ಷಾಸ್ನಾನದಿಂದ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ವರದಿಯಲ್ಲಿ ಮಾತ್ರ ಅದು ಒಂದೇ ತಲೆ. ಮತಾಂತರದ ಸರಿತಪ್ಪಿನ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ, ಆ ಚರ್ಚೆ ಇಲ್ಲಿ ಬೇಡ. ಜಾತಿ ಬಿಟ್ಟವನಿಗೆ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರೆ ಸಾಲದು, ಅವನ ಹೊಟ್ಟೆಪಾಡೇನು? ಯುರೋಪಿನಲ್ಲಿ ಏಳದ ಈ ಪ್ರಶ್ನೆ ಇಲ್ಲಿ ಎದ್ದಿತು. ಅದಕ್ಕೆ ಉತ್ತರವಾಗಿ ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಹಡಗೇರಿ ಮುಂಬಯಿಯ ಮಾಡುಗಳನ್ನೂ ಹೊದಿಸಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆಯಾಯಿತು. ಇವನ್ನೆಲ್ಲ ಬರೆದಿಡಲು ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಇದು ಹಳೆಯ ಕಾಲದ ಮಾತು ಮಾತ್ರವಲ್ಲ. ಹೊರನಾಡಿನ ಒಂದು ಸಭೆಯಲ್ಲಿ ಕನ್ನಡ ಆರಾಧನೆಗೆ ಇಪ್ಪತ್ತೇ ಹಿರಿಯರು ಬರುತ್ತಾರೆ, ಇಂಗ್ಲಿಷ್ ಆರಾಧನೆಗೆ ಇನ್ನೂರು ಮಂದಿ ಎಂದಿಟ್ಟುಕೊಳ್ಳೋಣ. ಕನ್ನಡದ್ದನ್ನು ನಿಲ್ಲಿಸಿ ಎನ್ನುತ್ತದೆ ತಲೆಯೆಣಿಕೆ. ಆ ಇಪ್ಪತ್ತು ಮಂದಿ ತಮ್ಮ ಸಂಕಟವನ್ನು ಬೇರೆ ಯಾವ ಭಾಷೆಯಲ್ಲಿ ದೇವರ ಮುಂದೆ ಹೇಳಿಕೊಳ್ಳಬೇಕು? ನಮ್ಮ ಸಂಘಗಳ ಕನ್ನಡ ವಾಚನಾಲಯಗಳ ಮುಂದಿರುವುದೂ ಇದೇ ಪ್ರಶ್ನೆ.

ಇನ್ನು 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್. ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಎಂದು ಹಳಗನ್ನಡದ ಓಲೆಗರಿಗಳ ನಡುವೆ ಕುಳಿತ ಮಿಶನರಿಗೆ ತಲೆಯೆಣಿಕೆಯ ಪರೀಕ್ಷೆಯಲ್ಲಿ ಎಷ್ಟು ಅಂಕ ಸಿಗುತ್ತಿತ್ತೋ! ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮುಕ್ಕಾಲು ಶತಮಾನದ ಬಳಿಕ ಅದನ್ನು ಪರಿಷ್ಕರಿಸಿ ವಿಸ್ತರಿಸಿದವರು ಎಂ. ಮರಿಯಪ್ಪ ಭಟ್ಟರು, ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ್ದು ಹೊರನಾಡಿನ ಮದ್ರಾಸ್ ವಿಶ್ವವಿದ್ಯಾಲಯ.