ಸ್ಟಾರ್ಟ್ ಆಗದ ಹಳೆಯ ಸ್ಪೋರ್ಟ್ಸ್ ಕಾರು: ದೋಷ ಹುಡುಕುವ ಕ್ರಮ ಮತ್ತು ಹತ್ತನೆಯ ತರಗತಿಯ ವಿದ್ಯುತ್ ಪಾಠ

ಬೋಧನಾಭ್ಯಾಸ ಶುರುವಾಗುವ ಮುಂಚಿನ ದಸರಾ ರಜೆಯಲ್ಲಿ ನಾನು ಮೈಸೂರಿನಲ್ಲಿರುವ ಸೋದರಮಾವನ ಗ್ಯಾರೇಜಿಗೆ ದಿನವೂ ಹೋಗುತ್ತಿದ್ದೆ. ಅಲ್ಲಿ ಸ್ಟಾರ್ಟ್ ಆಗದೆ ನಿಂತಿದ್ದ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಮುಂದೆ, ಬಿಎಸ್ಸಿಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದ್ದ ನಾನು ಒಂದು ತಪ್ಪು ಮಾಡಿದೆ. ಒಂದು ತಿಂಗಳ ನಂತರ ಅದೇ ತಪ್ಪನ್ನು ತರಗತಿಯಲ್ಲಿಯೂ ಮಾಡಿದೆ. ಕಾರಿನ ದೋಷವನ್ನು ಹುಡುಕುವ ಕ್ರಮವನ್ನು ವಿವರಿಸುವುದು, ಅದನ್ನು ಓಮ್‌ನ ನಿಯಮದ ಪಾಠಕ್ಕೆ ಹೇಗೆ ಬಳಸಬಹುದು ಎಂದು ಸಹ ಪ್ರಶಿಕ್ಷಣಾರ್ಥಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕಾರಿನ ಪರಿಚಯ

ಕಾರಿನ ಹೆಸರು ಎಂಜಿಬಿ. ಇಂಗ್ಲೆಂಡಿನ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿ ತಯಾರಾಯಿತು. ಗ್ಯಾರೇಜಿಗೆ ಬಂದಿದ್ದದ್ದು 1965ರ ಗಾಡಿ. ಎರಡು ಸೀಟು, 1798 ಸಿಸಿ ಎಂಜಿನ್, ಎರಡು ಕಾರ್ಬುರೇಟರ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪ್ರತಿಯೊಂದು ತಂತಿಯನ್ನೂ ಕಣ್ಣಿನಿಂದ ಹಿಂಬಾಲಿಸಬಹುದು. ಬೋಧನೆಗೆ ಇದು ದೊಡ್ಡ ಅನುಕೂಲ.

ಇದರ ಎರಡು ವೈಶಿಷ್ಟ್ಯಗಳು ವಿಜ್ಞಾನ ಶಿಕ್ಷಕರ ಗಮನಕ್ಕೆ ಬರಬೇಕು. ಮೊದಲನೆಯದು, ಆ ಕಾಲದ ಎಂಜಿಬಿಯಲ್ಲಿ 12 ವೋಲ್ಟಿನ ಒಂದೇ ಬ್ಯಾಟರಿ ಇರಲಿಲ್ಲ. ಸೀಟುಗಳ ಹಿಂದೆ, ನೆಲದ ಹಲಗೆಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು 6 ವೋಲ್ಟಿನ ಬ್ಯಾಟರಿ. ಇವನ್ನು ಒಂದು ದಪ್ಪ ಕೇಬಲ್ ಸರಣಿಯಲ್ಲಿ ಜೋಡಿಸುತ್ತದೆ. ಎರಡನೆಯದು, 1967ರವರೆಗಿನ ಗಾಡಿಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಅರ್ಥ್ ಮಾಡುತ್ತಿದ್ದರು. ಇಂದಿನ ಕಾರುಗಳಲ್ಲಿ ಋಣ ತುದಿ. ಬಲ್ಬಿಗೆ ಯಾವ ದಿಕ್ಕಿನಿಂದ ಪ್ರವಾಹ ಬಂದರೂ ಒಂದೇ. ಆದರೆ ಇದು ಗೊತ್ತಿಲ್ಲದೆ ಬೇರೆ ಗಾಡಿಯಿಂದ ಜಂಪರ್ ಕೇಬಲ್ ಕೊಟ್ಟರೆ ಅಪಾಯ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತಿದೆಯೇ?

‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಸ್ಟಾರ್ಟರ್ ಮೋಟಾರು, ಗ್ಯಾರೇಜಿನ ಮಾತಿನಲ್ಲಿ ‘ಸೆಲ್ಫ್’, ಎಂಜಿನನ್ನು ತಿರುಗಿಸದೇ ಇರಬಹುದು. ಅಥವಾ ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದೇ ಇರಬಹುದು. ಮೊದಲನೆಯದಾದರೆ ಪೆಟ್ರೋಲ್, ಪ್ಲಗ್, ಕಾರ್ಬುರೇಟರುಗಳನ್ನು ಆಗಲೇ ಮುಟ್ಟುವ ಅಗತ್ಯವಿಲ್ಲ. ಎರಡನೆಯದಾದರೆ ಬ್ಯಾಟರಿಯನ್ನೂ ಸೆಲ್ಫನ್ನೂ ಬಿಟ್ಟುಬಿಡಬಹುದು. ಒಂದೇ ಪ್ರಶ್ನೆಯಿಂದ ಅರ್ಧ ಕಾರು ಪಟ್ಟಿಯಿಂದ ಹೊರಗೆ ಹೋಯಿತು. ಒಳ್ಳೆಯ ಪರೀಕ್ಷೆಯ ಲಕ್ಷಣ ಇದೇ.

ನಮ್ಮ ಗಾಡಿಯಲ್ಲಿ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಬಂದು, ಎಂಜಿನ್ ಅರ್ಧ ಸುತ್ತು ಹೊರಳಿ ನಿಲ್ಲುತ್ತಿತ್ತು. ಆಗ ಮಾಡುವ ಮುಂದಿನ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಬೇಕು. ಬೆಳಕು ಹಾಗೆಯೇ ಇದ್ದು ಸೆಲ್ಫ್ ಸುಮ್ಮನಿದ್ದರೆ ಪ್ರವಾಹ ಸೆಲ್ಫಿಗೆ ತಲುಪುತ್ತಲೇ ಇಲ್ಲ. ಸ್ವಿಚ್, ಸೊಲೆನಾಯ್ಡ್ ನೋಡಬೇಕು. ಬೆಳಕು ತೀರಾ ಮಂಕಾದರೆ ಬ್ಯಾಟರಿ ದುರ್ಬಲ, ಅಥವಾ ಬ್ಯಾಟರಿಯ ದಾರಿಯಲ್ಲಿ ಅಡ್ಡಿ, ಅಥವಾ ಸೆಲ್ಫ್ ಅತಿಯಾಗಿ ಪ್ರವಾಹ ಎಳೆಯುತ್ತಿದೆ. ನಮ್ಮಲ್ಲಿ ಬೆಳಕು ಮಂಕಾಯಿತು.

ಆಗ ನಾನು ಮಲ್ಟಿಮೀಟರ್ ಹಿಡಿದು ಮುಂದೆ ಬಂದೆ. ಬ್ಯಾಟರಿಗಳಲ್ಲಿ ಅಳೆದೆ: ಒಟ್ಟು 12.6 ವೋಲ್ಟ್. ಸೊಲೆನಾಯ್ಡಿಗೆ ಬರುವ ದಪ್ಪ ಕೇಬಲ್ಲಿನಲ್ಲಿ ಅಳೆದೆ: ಅಲ್ಲಿಯೂ 12.6. ‘ಬ್ಯಾಟರಿ ತುಂಬಿದೆ, ಕೇಬಲ್ ಸರಿಯಿದೆ, ಆದ್ದರಿಂದ ಸೆಲ್ಫ್ ಕೆಟ್ಟಿದೆ’ ಎಂದು ತೀರ್ಪು ಕೊಟ್ಟೆ. ಮಾವ ನನ್ನ ಮಾತು ನಂಬಿ ಸೆಲ್ಫ್ ಬಿಚ್ಚಿ ವೈಂಡಿಂಗ್ ಅಂಗಡಿಗೆ ಕಳಿಸಿದರು. ಎರಡು ದಿನದ ನಂತರ ಅದು ವಾಪಸು ಬಂತು. ಅದರಲ್ಲಿ ಏನೂ ದೋಷವಿರಲಿಲ್ಲ. ಅಂಗಡಿಯ ಹಣವನ್ನು ಮಾವನೇ ಕೊಟ್ಟರು. ಕಾರಿನ ಮಾಲೀಕರ ಬಿಲ್ಲಿಗೆ ಸೇರಿಸಲಿಲ್ಲ.

ಹೊರೆ ಹಾಕಿ ಅಳೆಯುವುದು

ಮಾವ ಬೈಯಲಿಲ್ಲ. ‘ಪುಟ್ಟೀ, ನೀನು ಅಳೆದಾಗ ಗಾಡಿ ಸುಮ್ಮನೆ ನಿಂತಿತ್ತಲ್ಲ. ಕೆಲಸ ಮಾಡೋವಾಗ ಅಳೆದು ನೋಡು’ ಎಂದರು. ಎಂಜಿನ್ ಹೊತ್ತಿಕೊಳ್ಳದಂತೆ ಇಗ್ನಿಷನ್ ಕಾಯಿಲಿನ ತಂತಿ ಬಿಚ್ಚಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದರು. ಗ್ಯಾರೇಜಿನ ಹುಡುಗ ಪ್ರತಿ ಸಲ ಮೂರು ನಾಲ್ಕು ಸೆಕೆಂಡು ಕೀಲಿ ತಿರುಗಿಸಿದ. ನಾನು ಒಂದೊಂದೇ ಜಾಗದಲ್ಲಿ ಅಳೆದು ಬರೆದುಕೊಂಡೆ:

ಮೊದಲ ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ: 5.6 ವೋಲ್ಟ್
ಎರಡನೆಯ ಬ್ಯಾಟರಿಯ ಕಂಬಗಳ ನಡುವೆ: 5.5 ವೋಲ್ಟ್
ಸೆಲ್ಫಿನ ಟರ್ಮಿನಲ್ ಮತ್ತು ಅದರ ಮೈ ನಡುವೆ: 6.8 ವೋಲ್ಟ್

ಬ್ಯಾಟರಿಗಳು ಒಟ್ಟು 11.1 ವೋಲ್ಟ್ ಕೊಡುತ್ತಿವೆ, ಸೆಲ್ಫಿಗೆ 6.8 ಸಿಗುತ್ತಿದೆ. ಉಳಿದ 4.3 ವೋಲ್ಟ್ ಎಲ್ಲಿ? ಸರಣಿ ಜೋಡಣೆಯಲ್ಲಿ ಬೇರೆ ಬೇರೆ ಭಾಗಗಳ ವಿಭವಾಂತರಗಳ ಮೊತ್ತ ಒಟ್ಟು ವಿಭವಾಂತರಕ್ಕೆ ಸಮ ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಹಾಗಾದರೆ ಅದು ದಾರಿಯಲ್ಲೇ ಎಲ್ಲೋ ಇರಲೇಬೇಕು. ಮೀಟರಿನ ಒಂದು ಮೊನೆಯನ್ನು ಸೀಸದ ಕಂಬದ ಮೇಲೆ, ಇನ್ನೊಂದನ್ನು ಅದೇ ಕಂಬವನ್ನು ಅಪ್ಪಿಕೊಂಡಿರುವ ಕ್ಲ್ಯಾಂಪಿನ ಮೇಲೆ ಇಟ್ಟು ಒಂದೊಂದೇ ಕೀಲು ನೋಡುತ್ತ ಹೋದೆವು. ಒಳ್ಳೆಯ ಕೀಲಿನಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಎರಡು ಬ್ಯಾಟರಿಗಳನ್ನು ಸೇರಿಸುವ ಕೇಬಲ್ಲಿನ ಒಂದು ತುದಿಯಲ್ಲಿ 3.9 ವೋಲ್ಟ್ ಬಂತು. ಉಳಿದ 0.4 ಮಿಕ್ಕ ಕೇಬಲ್, ಕೀಲುಗಳಲ್ಲಿ ಹಂಚಿಹೋಗಿತ್ತು. ಲೆಕ್ಕ ಸರಿಹೋಯಿತು.

ಮಾವ ಆ ಕ್ಲ್ಯಾಂಪನ್ನು ಬೆರಳಿನಿಂದ ಮುಟ್ಟಿ, ‘ನೋಡು, ಕಾದಿದೆ’ ಎಂದರು. ಬಿಚ್ಚಿದಾಗ ಒಳಗೆ ಬೂದುಬಣ್ಣದ ಹುಡಿ. ಹೊರಗಿನಿಂದ ಬಿಗಿಯಾಗಿ, ಚೊಕ್ಕಟವಾಗಿ ಕಾಣುತ್ತಿದ್ದ ಕೀಲು ಒಳಗೆ ನಶಿಸಿತ್ತು.

ಲೆಕ್ಕಕ್ಕಾಗಿ ಸೆಲ್ಫ್ 100 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಆ ಕೀಲಿನ ರೋಧ 3.9 ÷ 100 = 0.039 ಓಮ್. ಇಷ್ಟು ಸಣ್ಣ ರೋಧ ಶಾಲೆಯ ಮೀಟರಿನಲ್ಲಿ ಸೊನ್ನೆಯಂತೆಯೇ ಕಾಣುತ್ತದೆ. ಈಗ ಮೂರು ಸಂದರ್ಭಗಳನ್ನು ಹೋಲಿಸಬಹುದು.

ಗಾಡಿ ಸುಮ್ಮನೆ ನಿಂತಿರುವಾಗ ಮೀಟರಿನ ಮೂಲಕ ಹರಿಯುವುದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ ಮಾತ್ರ. ಆದ್ದರಿಂದ ಕೀಲಿನಲ್ಲಿ ನಷ್ಟವಾಗುವುದು ಏನೂ ಇಲ್ಲ ಎನ್ನುವಷ್ಟು. ಮೀಟರ್ 12.6 ತೋರಿಸುತ್ತದೆ.

ಹೆಡ್‌ಲೈಟ್ ಉರಿಯುವಾಗ ಸುಮಾರು 10 ಆಂಪಿಯರ್. ನಷ್ಟ 0.39 ವೋಲ್ಟ್. ಕಣ್ಣಿಗೆ ದೀಪ ಚೆನ್ನಾಗಿಯೇ ಕಾಣುತ್ತದೆ.

ಸೆಲ್ಫ್ ತಿರುಗುವಾಗ 100 ಆಂಪಿಯರ್. ನಷ್ಟ 3.9 ವೋಲ್ಟ್. ಗಾಡಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೀಲಿನಲ್ಲಿ ಉಷ್ಣವಾಗುವ ಸಾಮರ್ಥ್ಯ 3.9 × 100 = 390 ವ್ಯಾಟ್. ಕ್ಲ್ಯಾಂಪ್ ಕಾದದ್ದು ಇದಕ್ಕೇ.

ನನ್ನ ಮೀಟರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಬಾರದ ಹೊತ್ತಿನಲ್ಲಿ ಕೇಳಿದ್ದೆ.

ತಿರುಗಿದರೂ ಹೊತ್ತಿಕೊಳ್ಳದಿದ್ದರೆ

ಕಂಬ, ಕ್ಲ್ಯಾಂಪ್‌ಗಳನ್ನು ಹೊಳೆಯುವಂತೆ ಉಜ್ಜಿ ಬಿಗಿದ ಮೇಲೆ ಸೆಲ್ಫ್ ಚುರುಕಾಗಿ ತಿರುಗಿತು. ಆದರೆ ಎಂಜಿನ್ ಹೊತ್ತಿಕೊಳ್ಳಲಿಲ್ಲ. ದೋಷ ಒಂದೇ ಇರಬೇಕೆಂಬ ನಿಯಮವೇನೂ ಇಲ್ಲ. ಬಹಳ ದಿನ ನಿಂತ ಗಾಡಿಯಲ್ಲಿ ಎರಡು ಮೂರು ಇರುವುದು ಸಹಜ.

ಈಗ ಪ್ರಶ್ನೆ: ಪೆಟ್ರೋಲೇ, ಕಿಡಿಯೇ? ಎಂಜಿಬಿಯ ಪೆಟ್ರೋಲ್ ಪಂಪು ವಿದ್ಯುತ್ತಿನದು, ಗಾಡಿಯ ಹಿಂಭಾಗದಲ್ಲಿದೆ. ಕೀಲಿ ಹಾಕಿದೊಡನೆ ‘ಟಿಕ್ ಟಿಕ್’ ಎಂದು ಬಡಿದು, ಕಾರ್ಬುರೇಟರುಗಳ ತೊಟ್ಟಿ ತುಂಬಿದ ಮೇಲೆ ಸುಮ್ಮನಾಗುತ್ತದೆ. ಸದ್ದೇ ಇಲ್ಲವಾದರೆ ಪಂಪು ಕೆಲಸ ಮಾಡುತ್ತಿಲ್ಲ. ನಿಲ್ಲದೆ ಬಡಿಯುತ್ತಿದ್ದರೆ ಟ್ಯಾಂಕ್ ಖಾಲಿ, ಅಥವಾ ಎಲ್ಲೋ ಸೋರುತ್ತಿದೆ. ನಮ್ಮದು ಬಡಿದು ನಿಂತಿತು. ಹಾಗಾಗಿ ಮೊದಲು ಕಿಡಿಯ ಕಡೆ ಹೋದೆವು.

ಕಿಡಿ ಹುಟ್ಟುವ ಬಗೆ ಹೀಗೆ. ಡಿಸ್ಟ್ರಿಬ್ಯೂಟರಿನೊಳಗೆ ‘ಪಾಯಿಂಟ್’ ಎಂಬ ಪುಟ್ಟ ಸ್ವಿಚ್ಚಿದೆ. ಅದು ಮುಚ್ಚಿದಾಗ ಇಗ್ನಿಷನ್ ಕಾಯಿಲಿನ ಪ್ರಾಥಮಿಕ ಸುರುಳಿಯಲ್ಲಿ ಪ್ರವಾಹ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಪಾಯಿಂಟ್ ಥಟ್ಟನೆ ತೆರೆದಾಗ ಕ್ಷೇತ್ರ ಕುಸಿದು, ಹೆಚ್ಚು ಸುತ್ತುಗಳಿರುವ ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಪ್ರೇರಿತವಾಗುತ್ತದೆ. ಅದೇ ಪ್ಲಗ್ಗಿನ ಕಿಡಿ. ಪಾಯಿಂಟಿನ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ಕೂತರೂ ಪ್ರವಾಹ ಬೆಳೆಯುವುದಿಲ್ಲ, ಕಿಡಿ ಬರುವುದಿಲ್ಲ. ಮಾವ ಪಾಯಿಂಟನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಒರೆಸಿ, ಫೀಲರ್ ಗೇಜಿನಿಂದ ಅಂತರವನ್ನು 0.35 ಮತ್ತು 0.40 ಮಿಲಿಮೀಟರ್ ನಡುವೆ ಹೊಂದಿಸಿದರು. ಮೂರನೆಯ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು.

ಒಟ್ಟು ಖರ್ಚಿನಲ್ಲಿ ಹೊಸ ಬಿಡಿಭಾಗ ಒಂದೂ ಇರಲಿಲ್ಲ. ಎರಡೂ ದೋಷಗಳು ಎರಡು ಲೋಹಗಳು ಸೇರುವ ಜಾಗದಲ್ಲಿದ್ದವು.

ಪ್ರಾತ್ಯಕ್ಷಿಕೆಗೆ ಗ್ಯಾರೇಜಿಗೆ ಮಕ್ಕಳನ್ನು ಕರೆದೊಯ್ಯಬಯಸುವವರಿಗೆ ಒಂದು ಎಚ್ಚರಿಕೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಹತ್ತಿರದಲ್ಲಿ ಪೆಟ್ರೋಲ್ ಇರುತ್ತದೆ. ಕಿಡಿಯ ಪರೀಕ್ಷೆಯನ್ನು ಮಕ್ಕಳಿಂದ ಮಾಡಿಸಬಾರದು. ಬ್ಯಾಟರಿ ಬಿಚ್ಚುವಾಗ ಅರ್ಥ್ ಕೇಬಲನ್ನೇ ಮೊದಲು ಬಿಚ್ಚಬೇಕು. ಆಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಮಂಡಲ ಪೂರ್ಣವಾಗುವುದಿಲ್ಲ. ಬಳೆ, ಉಂಗುರ ತೆಗೆದಿಟ್ಟೇ ಕೆಲಸಕ್ಕೆ ಇಳಿಯಬೇಕು.

ತರಗತಿಯಲ್ಲಿ ಆದದ್ದು

ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಘಟಕಕ್ಕೆ ಈ ಕಾರಿನ ಕಥೆಯನ್ನೇ ಪೀಠಿಕೆ ಮಾಡಿಕೊಂಡು ಪಾಠಯೋಜನೆ ಬರೆದೆ. ದೊಡ್ಡ ಚಾರ್ಟ್ ಬರೆದೆ. ಮಕ್ಕಳು ಖುಷಿಯಿಂದ ಕೇಳಿದರು. ಓಮ್‌ನ ನಿಯಮ ಹೇಳಿ ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಅರ್ಥವಾಯಿತೇ ಎಂದೆ. ‘ಹೌದು ಮಿಸ್’ ಎಂದರು. ಕೊನೆಯ ಐದು ನಿಮಿಷದಲ್ಲಿ ಕೇಳಿದೆ: ‘ದೀಪ ಚೆನ್ನಾಗಿ ಉರಿಯುತ್ತಿದೆ, ಸೆಲ್ಫ್ ಮಾತ್ರ ತಿರುಗುತ್ತಿಲ್ಲ. ಯಾಕೆ?’ ‘ಬ್ಯಾಟರೀಲಿ ಕರೆಂಟ್ ಖಾಲಿ ಮಿಸ್.’ ಕೈ ಎತ್ತಿದವರೆಲ್ಲ ಅದನ್ನೇ ಹೇಳಿದರು.

ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: ‘ವಿವರಣೆ ಸ್ಪಷ್ಟವಾಗಿದೆ. ಮಕ್ಕಳಿಗೆ ಅರ್ಥವಾಗಿದೆ ಎಂದು ನಿಮಗೆ ಯಾವಾಗ, ಹೇಗೆ ತಿಳಿಯಿತು?’ ಅದನ್ನು ಓದಿದಾಗ ಮಾವನ ಮಾತು ನೆನಪಾಯಿತು. ಒಕ್ಕೊರಲಿನ ವ್ಯಾಖ್ಯೆ, ‘ಹೌದು ಮಿಸ್’ ಎನ್ನುವ ಉತ್ತರ, ಇವೆಲ್ಲ ಹೊರೆ ಇಲ್ಲದೆ ಅಳೆದ 12.6 ವೋಲ್ಟ್.

ಎರಡನೆಯ ಪಾಠಕ್ಕೆ ಚಾರ್ಟ್ ಒಯ್ಯಲಿಲ್ಲ. ಪ್ರತಿ ಗುಂಪಿಗೆ 1.5 ವೋಲ್ಟಿನ ನಾಲ್ಕು ಕೋಶ, 6 ವೋಲ್ಟಿನ ಒಂದು ಟಾರ್ಚ್ ಬಲ್ಬ್, ಮುಚ್ಚಿ ಅಂಟಿಸಿದ ಮೂರು ಬೆಂಕಿಪೊಟ್ಟಣ ಕೊಟ್ಟೆ. ಎರಡು ಪೊಟ್ಟಣಗಳೊಳಗೆ ಬರಿಯ ತಂತಿ. ಒಂದರೊಳಗೆ 1 ವ್ಯಾಟಿನ, 22 ಓಮ್ ರೋಧಕ. ಎಲ್ಲವೂ ಸರಣಿಯಲ್ಲಿ. ಬಲ್ಬ್ ಮಂಕು. ಪೊಟ್ಟಣ ಒಡೆಯದೆ, ಮಲ್ಟಿಮೀಟರಿನಿಂದ ದೋಷದ ಪೊಟ್ಟಣ ಹುಡುಕಬೇಕು. ನಿಯಮ ಒಂದೇ: ಪ್ರತಿ ಸಲ ಅಳೆಯುವ ಮೊದಲು ‘ಎಷ್ಟು ಬರಬಹುದು, ಬಂದರೆ ಯಾವುದನ್ನು ಬಿಡಬಹುದು’ ಎಂದು ಬರೆಯಬೇಕು.

ಮೊದಲು ಬಲ್ಬ್ ಬಿಚ್ಚಿ ಆ ಎರಡು ತುದಿಗಳ ನಡುವೆ ಅಳೆಸಿದೆ. ಪೂರ್ತಿ 6 ವೋಲ್ಟ್. ‘ಎಲ್ಲ ಸರಿ ಇದೆ ಮಿಸ್!’ ನಾನು ಗ್ಯಾರೇಜಿನಲ್ಲಿ ಹೇಳಿದ್ದೂ ಅದನ್ನೇ. ಬಲ್ಬ್ ಹಾಕಿ ಮತ್ತೆ ಅಳೆದಾಗ ಅರ್ಧಕ್ಕಿಂತ ಕಡಿಮೆ. ತರಗತಿ ಗಪ್‌ಚಿಪ್ ಆಯಿತು. ‘ಮಿಕ್ಕ ವೋಲ್ಟ್ ಎಲ್ಲಿ ಹೋಯ್ತು?’ ಎಂದು ಅವರೇ ಕೇಳತೊಡಗಿದರು.

ಒಕ್ಕೊರಲಿನಲ್ಲಿ ಎಂದೂ ಬಾಯಿ ತೆರೆಯದ, ನನ್ನ ಪಟ್ಟಿಯಲ್ಲಿ ‘ನಿಧಾನ ಕಲಿಕೆ’ ಎಂದು ಗುರುತು ಹಾಕಿದ್ದ ಹುಡುಗಿಯೊಬ್ಬಳು ಎರಡು ಪೊಟ್ಟಣಗಳನ್ನು ಒಟ್ಟಿಗೆ ಸೇರಿಸಿ ಅಳೆದಳು. ಸೊನ್ನೆ ಬಂತು. ‘ಇವೆರಡನ್ನೂ ಬಿಡಬಹುದು’ ಎಂದು ಬರೆದಳು. ಆಮೇಲೆ ಮೂರನೆಯದನ್ನು ಕೈಯಲ್ಲಿ ಹಿಡಿದು ನೋಡಿ, ‘ಮಿಸ್, ಇದು ಬೆಚ್ಚಗಿದೆ’ ಎಂದಳು. ಕ್ಲ್ಯಾಂಪ್ ಕಾದ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳಿರಲಿಲ್ಲ.

ಎಲ್ಲ ಗುಂಪುಗಳೂ ಗೆಲ್ಲಲಿಲ್ಲ. ಎರಡು ಗುಂಪು ಊಹೆಯಿಂದ ಹೇಳಿದವು, ಒಂದು ಗುಂಪು ಮೀಟರಿನ ಗುಂಡಿಯನ್ನು ತಪ್ಪು ಜಾಗದಲ್ಲಿಟ್ಟು ಕೊನೆಯವರೆಗೂ ಹೆಣಗಿತು. ಆದರೆ ಯಾರಿಗೆ ಎಲ್ಲಿ ತೊಡಕಿದೆ ಎಂದು ಈ ಸಲ ನನಗೆ ಕಂಡಿತು. ಮುಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ. ಆ ಹುಡುಗಿಯ ಹೆಸರಿನ ಮುಂದೆ ಹಾಕಿದ್ದ ಗುರುತನ್ನು ಅಂದು ಸಂಜೆ ಅಳಿಸಿದೆ. ಅದು ಕೂಡ ಸೆಲ್ಫ್ ಕೆಟ್ಟಿದೆ ಎಂದಂತೆಯೇ, ಸರಿಯಾಗಿ ಅಳೆಯದೆ ಕೊಟ್ಟ ತೀರ್ಪಾಗಿತ್ತು.